ಅಜ್ಜಿಯ ಮಲ್ಲಿಗೆ ಮತ್ತು ನನ್ನ ಯೂರಿಯಾ

ಮಳೆಗಾಲದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕಿಟಕಿಯ ಬಳಿ ಕೂತು ಬರೆಯುತ್ತಾರೆ. ನಮ್ಮ ಮನೆಗಿರುವುದು ಒಂದೇ ಕಿಟಕಿ, ಅದರಾಚೆ ಗಟಾರ. ಆದ್ದರಿಂದ ನನ್ನ ಮಳೆಯಲ್ಲಿ ಕಾವ್ಯ ಕಡಿಮೆ, ಕೆಸರು ಜಾಸ್ತಿ. ಓದುಗ ಮಿತ್ರರು ಕ್ಷಮಿಸಬೇಕು.

ಕುರ್ಲಾದಲ್ಲಿ ನಮ್ಮ ಚಾಳಿನ ಹಿಂಗೋಡೆಗೂ ಆ ಗಟಾರಕ್ಕೂ ನಡುವೆ ಒಂದು ತುಂಡು ನೆಲ ಉಂಟು. ಉದ್ದ ಹದಿನಾಲ್ಕು ಅಡಿ, ಅಗಲ ನಾಲ್ಕು. ಅದೇ ಅಮ್ಮನ ತೋಟ. ಒಂದು ಬಸಳೆ ಚಪ್ಪರ, ಒಂದು ಸಾಲು ಅರಿಶಿನ, ಮೂಲೆಯಲ್ಲಿ ಕೆಸು, ಗೋಡೆಗೆ ತಾಗಿ ಎರಡು ಮಲ್ಲಿಗೆ ಗಿಡ. ನಾಗರಪಂಚಮಿಗೆ ಅರಿಶಿನದೆಲೆ ಬೇಕಾಗಲಿ, ಪತ್ರೊಡೆಗೆ ಕೆಸುವಿನೆಲೆ ಬೇಕಾಗಲಿ, ಚಾಳಿನ ನಮ್ಮೂರವರೆಲ್ಲ ಬರುವುದು ಅಮ್ಮನ ಹತ್ತಿರವೇ. ಮಲ್ಲಿಗೆಯದು ಮಾತ್ರ ಬೇರೆ ಲೆಕ್ಕ. ಊರಿನ ಜಾಗ ಮಾರಿದ ವರ್ಷ ಅಜ್ಜಿ ಅಂಗಳದ ಗಿಡದಿಂದ ಎರಡು ಗೆಲ್ಲು ಕಡಿದು, ಒದ್ದೆ ಗೋಣಿ ಸುತ್ತಿ, ಬಸ್ಸಿನಲ್ಲಿ ರಾತ್ರಿಯಿಡೀ ಮಡಿಲಲ್ಲಿ ಇಟ್ಟುಕೊಂಡು ಮುಂಬಯಿಗೆ ತಂದದ್ದು. ಈಗ ಆ ಅಂಗಳವೂ ನಮ್ಮದಲ್ಲ, ಅಜ್ಜಿಯೂ ಇಲ್ಲ.

2025ರ ಆಗಸ್ಟ್ 18, 19ರ ಮಳೆ ನಿಮಗೆ ನೆನಪಿರಬಹುದು. 19ರಂದು ಮಿಠಿ ನದಿ 3.9 ಮೀಟರಿಗೆ ಏರಿ, ಕುರ್ಲಾದ ತಗ್ಗಿನಲ್ಲಿದ್ದವರನ್ನು ಮನೆ ಬಿಡಿಸಿ ಕರೆದೊಯ್ದರು. ಸಮುದ್ರದಲ್ಲಿ ಉಬ್ಬರವಿದ್ದಾಗ ಈ ನಗರದ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ. ಗಟಾರದಿಂದ ಹಿಂದಕ್ಕೇ ಬರುತ್ತದೆ. ನಮ್ಮ ಹಿತ್ತಿಲಲ್ಲಿ ಮೊಣಕಾಲು ಮಟ್ಟದ ನೀರು. ಅಮ್ಮ ಡೊಂಬಿವಲಿಯ ದೊಡ್ಡಮ್ಮನ ಮನೆಗೆ ಹೋದವಳು ಅಲ್ಲೇ ಉಳಿಯಬೇಕಾಯಿತು. ಫೋನಿನಲ್ಲಿ, "2005ರ ಜುಲೈ 26ಕ್ಕೆ ಒಂದೇ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಹೊಯ್ದಿತ್ತು, ಅದನ್ನೇ ನೋಡಿದವರು ನಾವು. ಹೆದರ್ಬೇಡ. ಗಿಡ ಮಾತ್ರ ನೋಡ್ಕೊ" ಎಂದಳು. ನನ್ನನ್ನು ನೋಡಿಕೊಳ್ಳಲು ನನಗೆ ಹೇಳಲಿಲ್ಲ, ಗಮನಿಸಿ.

ನೀರು ಇಳಿದ ಮರುದಿನ ನೋಡಿದರೆ ಮಲ್ಲಿಗೆ ಎಲೆಯೆಲ್ಲ ಹಳದಿ. ತುದಿಗಳು ಜೋತುಬಿದ್ದಿದ್ದವು. ಬುಡದಲ್ಲಿ ಬೇಕಾದಷ್ಟು ನೀರಿದ್ದೂ ಗಿಡ ಬಾಡುವುದೆಂದರೇನು? ಎಲೆ ಹಳದಿಯಾದರೆ ಗೊಬ್ಬರ ಸಾಲದು ಎಂದರ್ಥ ಅಂತ ಎಲ್ಲಿಯೋ ಓದಿದ್ದ ನೆನಪು. ಕಾಮರ್ಸ್ ವಿದ್ಯಾರ್ಥಿಯ ತಲೆ. ಖಾತೆಯಲ್ಲಿ ಕಡಿಮೆಯಾದರೆ ಜಮಾ ಮಾಡಬೇಕು. ನರ್ಸರಿಯಿಂದ ಒಂದು ಪೊಟ್ಟಣ ಯೂರಿಯಾ ತಂದು, ಗೋಡೆಯ ಎಡಗಡೆಯ ಗಿಡಕ್ಕೆ ಎರಡು ಮುಷ್ಟಿ ಹಾಕಿದೆ. ಸಾಲದ್ದಕ್ಕೆ ಕೆಸರಿನಲ್ಲಿ ನಿಂತು ಬುಡವನ್ನೆಲ್ಲ ತುಳಿದು ಗಟ್ಟಿ ಮಾಡಿದೆ. ಬಲಗಡೆಯದಕ್ಕೆ ಹಾಕುವಷ್ಟರಲ್ಲಿ ಮತ್ತೆ ಮಳೆ ಬಂತು. ಆ ಮಳೆಗೆ ನಾನು ಇಂದಿಗೂ ಋಣಿ.

ಮೂರನೆಯ ದಿನ ಅಮ್ಮ ಬಂದಳು. ಎಡಗಡೆಯ ಗಿಡದ ಎಲೆಯ ಅಂಚೆಲ್ಲ ಕರಟಿ ಹೋಗಿತ್ತು.

"ಎಂತ ಹಾಕಿದ್ದು ನೀನು ಇದಕ್ಕೆ?"

ಹೇಳಿದೆ. ಬೈಯುತ್ತಾಳೆಂದು ಕಾದೆ. ಅಮ್ಮ ಸೆರಗು ಸಿಕ್ಕಿಸಿ ಕೂತು, ಬುಡದ ಮಣ್ಣನ್ನು ಬೆರಳಲ್ಲಿ ಕೆದಕಿದಳು. ಒಂದು ಬೇರು ಎಳೆದರೆ ಸಿಪ್ಪೆ ಕೈಯಲ್ಲೇ ಕಳಚಿ ಬಂತು. ಕಂದು ಬಣ್ಣ, ಕೊಳೆತ ವಾಸನೆ.

"ಬಾವಿಗೆ ಬಿದ್ದವನನ್ನು ಮೇಲೆ ಎತ್ತಿದ ಕೂಡ್ಲೇ ಬಾಯಿಗೆ ಅನ್ನ ತುರುಕ್ತಾರಾ ಮಾರಾಯ? ಉಸಿರು ಬರ್ತದಾ ಅಂತ ಮೊದ್ಲು ನೋಡ್ತಾರೆ."

ಮಣ್ಣಿನ ಕಣಗಳ ನಡುವೆ ಗಾಳಿಯಿರುತ್ತದೆ, ಬೇರು ಉಸಿರಾಡುವುದು ಅದನ್ನೇ. ನೀರು ನಿಂತರೆ ಆ ಜಾಗವೆಲ್ಲ ನೀರಿನದಾಗುತ್ತದೆ. ಉಸಿರಿಲ್ಲದ ಬೇರು ನೀರನ್ನೂ ಎಳೆಯದು, ಗೊಬ್ಬರವನ್ನೂ ಎಳೆಯದು. ಅದಕ್ಕೇ ಗಿಡ ನೀರಿನ ನಡುವೆ ನಿಂತು ಬಾಡುವುದು. ಅಂಥ ಹೊತ್ತಿನಲ್ಲಿ ಉಪ್ಪಿನಂಥ ಯೂರಿಯಾ ಸುರಿದರೆ ಉಳಿದಿದ್ದ ನಾಲ್ಕು ಬೇರೂ ಸುಟ್ಟುಹೋಗುತ್ತವೆ. ತುಳಿದರೆ ಇದ್ದಬದ್ದ ಗಾಳಿಯೂ ಹೋಯಿತು. ಇಷ್ಟನ್ನೂ ನಾನು ಆಮೇಲೆ ಓದಿ ತಿಳಿದದ್ದು. ಅಮ್ಮನಿಗೆ ಓದದೆಯೇ ಗೊತ್ತಿತ್ತು.

ಮರುದಿನದಿಂದ ಅವಳು ಹೇಳಿದಂತೆ ಕೆಲಸ. ಮೊದಲು ಬದಿಯಲ್ಲಿ ಒಂದು ಗೇಣು ಆಳದ ಕಣಿ ತೋಡಿ ನಿಂತ ನೀರು ಹರಿಯಲು ಬಿಟ್ಟೆವು. ಹಲಗೆ ಹಾಕಿ ಅದರ ಮೇಲೆ ನಿಂತೇ ಕೆಲಸ. ಹಸಿ ಮಣ್ಣಿಗೆ ಕಾಲಿಡಕೂಡದು. ಗಟಾರದ ನೀರೆಂದ ಮೇಲೆ ಇಲಿಜ್ವರದ ಹೆದರಿಕೆ, ಅದಕ್ಕಾಗಿ ಗಮ್‌ಬೂಟು. ಬುಡಕ್ಕೆ ಮೆತ್ತಿದ ಹೂಳನ್ನು ಕೈಯಿಂದ ಬಿಡಿಸಿ ತೆಗೆದೆವು. ನೀರು ಮುಟ್ಟಿದ ಬಸಳೆಯನ್ನೆಲ್ಲ ಕಿತ್ತು ಎಸೆದೆವು, ಅದನ್ನು ತಿನ್ನುವಂತಿಲ್ಲ. ಚಪ್ಪರದ ಮೇಲುಗಡೆ ನೀರು ತಾಗದೆ ಉಳಿದ ಬಳ್ಳಿಯಿಂದ ಗೇಣುದ್ದದ ತುಂಡುಗಳನ್ನು ಕತ್ತರಿಸಿ ಡಬ್ಬಿಯ ಮರಳಲ್ಲಿ ಊರಿದೆವು. ಅರಿಶಿನದಲ್ಲಿ ಮೆತ್ತಗಾದ ಗಡ್ಡೆ ತೆಗೆದು, ಗಟ್ಟಿಯಿದ್ದದ್ದನ್ನು ಉಳಿಸಿದೆವು. ಕೆಸುವಿಗೆ ಮಾತ್ರ ಏನೂ ಆಗಿರಲಿಲ್ಲ. ಅದು ನೀರಲ್ಲೇ ಬೆಳೆಯುವ ಜಾತಿ, ಮೊದಲಿಗಿಂತ ಚೆನ್ನಾಗಿ ನಗುತ್ತಿತ್ತು.

ಮಲ್ಲಿಗೆಯ ವಿಷಯದಲ್ಲಿ ಅಮ್ಮ ಮಾಡಿದ್ದು ಬಹಳ ಕಡಿಮೆ. ದಿನಾ ಬೆಳಿಗ್ಗೆ ಒಂದು ಮುಷ್ಟಿ ಮಣ್ಣು ಹಿಂಡಿ ನೋಡುವಳು. ಉಂಡೆಯಾಗಿಯೇ ಉಳಿದರೆ, "ಇವತ್ತು ಬೇಡ." ಹಾಗೆ ಎಷ್ಟೋ ದಿನ 'ಬೇಡ' ಆಯಿತು. ಚೌತಿ ಬಂತು, ಹೋಯಿತು. ಗಣಪತಿಗೆ ಹೂ ಮಾರ್ಕೆಟಿನಿಂದ ತಂದದ್ದು. ಉಂಡೆ ಪುಡಿಯಾದ ದಿನ ಮಾತ್ರ ಮೇಲಿನ ಎರಡು ಅಂಗುಲ ಮಣ್ಣನ್ನು ಮೆಲ್ಲಗೆ ಸಡಿಲಿಸಿ, ಸತ್ತ ಗೆಲ್ಲು ಕಡಿದು, ಸುಮ್ಮನೆ ಬಿಟ್ಟಳು.

ಆ ದಿನಗಳಲ್ಲಿ ನನಗೆ ನನ್ನದೇ ಎಫ್.ವೈ. ವರ್ಷ ನೆನಪಾಗುತ್ತಿತ್ತು. ಮುನಿಸಿಪಲ್ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು ಕಾಲೇಜಿನಲ್ಲಿ ಕೂತರೆ ನಾಲ್ಕೂ ಕಡೆಯಿಂದ ಇಂಗ್ಲಿಷಿನ ಮಳೆ. ಜಮೆ, ನಾವೆ, ಸವಕಳಿ ಎಲ್ಲ ನನಗೆ ಬರುತ್ತಿದ್ದವು. ಬೇರೆ ಹೆಸರಿನಲ್ಲಿ ಬಂದಾಗ ಗುರುತು ಸಿಗುತ್ತಿರಲಿಲ್ಲ. ಎರಡು ವಿಷಯದಲ್ಲಿ ಎ.ಟಿ.ಕೆ.ಟಿ. ಬಂದಾಗ ನೆಂಟರೆಲ್ಲ ಟ್ಯೂಶನ್ ಹಾಕಿ, ಇನ್ನೊಂದು ಗೈಡ್ ತನ್ನಿ ಎಂದರು. ಅಮ್ಮ ಒಂದು ತಿಂಗಳು ಏನನ್ನೂ ಹಾಕಲಿಲ್ಲ. ಸಂಜೆ ಅಡಿಗೆ ಮಾಡುತ್ತಾ, "ಇವತ್ತು ಕಲಿತದ್ದು ನಂಗೆ ಕನ್ನಡದಲ್ಲಿ ಹೇಳು" ಎನ್ನುವಳು, ಅಷ್ಟೇ. ಏಳನೇ ಕ್ಲಾಸು ಓದಿದ ಅಮ್ಮನಿಗೆ ಸವಕಳಿಯ ಲೆಕ್ಕ ಹೇಳಿಕೊಡುತ್ತಾ ಅದು ನನಗೇ ತಿಳಿಯಿತು. ಮುಂದಿನ ಪರೀಕ್ಷೆಯಲ್ಲಿ ಎರಡೂ ಪಾಸಾದವು. ಅಮ್ಮ ಆಗಲೂ ಮಣ್ಣು ಹಿಂಡಿ ನೋಡುತ್ತಿದ್ದಳು ಎಂಬುದು ನನಗೆ ತಿಳಿದದ್ದು ಈ ಮಳೆಯ ಮೇಲೆಯೇ.

ಎಡಗಡೆಯ ಗಿಡ ಬದುಕಲಿಲ್ಲ. ಅಜ್ಜಿ ತಂದ ಎರಡರಲ್ಲಿ ಒಂದನ್ನು ನಾನು ಕೊಂದೆ; ಇದನ್ನು ಯಾವ ಖಾತೆಗೆ ಬರೆದರೂ ಹೊಂದುವುದಿಲ್ಲ. ಅಮ್ಮ ಇವತ್ತಿನವರೆಗೆ ಅದರ ಸುದ್ದಿ ಎತ್ತಿಲ್ಲ. ಬಲಗಡೆಯದು ಅಕ್ಟೋಬರಿನಲ್ಲಿ ಬುಡದ ಹತ್ತಿರ ಚಿಗುರಿತು, ಉಗುರಿನಷ್ಟೇ ಹಸಿರು. ಎರಡನೆಯ ಜೊತೆ ಎಲೆ ಬಂದ ಮೇಲೆಯೇ ಒಂದು ಹಿಡಿ ಹಳೆ ಸೆಗಣಿಗೊಬ್ಬರ ಸಿಕ್ಕಿತು ಅದಕ್ಕೆ. ಮಡಿಯನ್ನು ಇಟ್ಟಿಗೆ ಇಟ್ಟು ಒಂದು ಅಡಿ ಎತ್ತರಿಸಿದ್ದೇವೆ.

ಒಂದೇ ಗಿಡವನ್ನು ಒಂದೇ ಕಡೆ ಇಟ್ಟುಕೊಳ್ಳುವುದು ಅಪಾಯ ಎಂದು ಅಮ್ಮನಿಗೀಗ ಅನಿಸಿದೆ. ಗೆಲ್ಲು ಬಲಿತ ಮೇಲೆ ನಾಲ್ಕು ಮನೆಗೆ ಹಂಚಬೇಕಂತೆ. ನಮ್ಮ ಸಂಘದಲ್ಲಿ ಯಾರ ಮನೆಗಾದರೂ ಬಾಲ್ಕನಿ ಇದ್ದರೆ ಹೇಳಿ, ಕುಂಡದ ತೂತು ತೆರೆದಿರಲಿ. ಗೆಲ್ಲು ನಾನೇ ತಂದುಕೊಡುತ್ತೇನೆ. ಯೂರಿಯಾ ಮಾತ್ರ ಕೇಳಬೇಡಿ.