ತಾಳ ಹಾಕುವವರು ಯಾರು?

ಸಂಗೀತ ಕಚೇರಿಯಲ್ಲಿ ಅಕ್ಕಪಕ್ಕ ಕುಳಿತ ಇಬ್ಬರು ರಸಿಕರು ತೊಡೆಯ ಮೇಲೆ ತಾಳ ಹಾಕುತ್ತಿದ್ದರೆ ಇಬ್ಬರದೂ ಸರಿಯೆಂದೇ ತೋರುತ್ತದೆ. ಅವರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಹಾಡು ಕೇಳಿಸದಂತೆ ಮಾಡಿ ನೋಡಬೇಕು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಒಬ್ಬರ ಕೈ ಕೆಳಗಿಳಿದಾಗ ಇನ್ನೊಬ್ಬರ ಕೈ ಮೇಲೆಯೇ ಇರುತ್ತದೆ. ಶ್ರುತಿ ತಾಯಿ, ಲಯ ತಂದೆ ಎಂದು ಹಿರಿಯರು ಹೇಳಿದ್ದು ಹಾಡುವವರಿಗೆ. ಆದರೆ ನಡುಮನೆಯ ಕಪಾಟಿನಲ್ಲಿ ಕುಳಿತು ಹಾಡುವ ಯಂತ್ರಗಳಿಗೂ ಆ ಮಾತು ಸಲ್ಲುತ್ತದೆ.

ಸಿ.ಡಿ. ತಟ್ಟೆಯಲ್ಲಿರುವುದು ನಾದವಲ್ಲ, ಅಂಕಿಗಳು. ಎಡಕ್ಕೂ ಬಲಕ್ಕೂ ಪ್ರತ್ಯೇಕವಾಗಿ, ಸೆಕೆಂಡಿಗೆ 44,100ರಂತೆ ಅವು ಸಾಲುಗಟ್ಟಿ ನಿಂತಿವೆ. ಅವನ್ನು ಸಮನಾದ ಅಂತರದಲ್ಲಿ ಒಂದೊಂದಾಗಿ ಹೊರತೆಗೆದಾಗಲೇ ಅವು ಹಾಡಾಗುವುದು. ಆ ಅಂತರವನ್ನು ಕಾಯುವುದು ಯಂತ್ರದೊಳಗೆ ಕಂಪಿಸುವ ಸಣ್ಣದೊಂದು ಕ್ವಾರ್ಟ್ಸ್ ಹರಳು. ಅದೇ ಅದರ ಗಡಿಯಾರ.

44,100 ಎಂಬ ಈ ವಿಚಿತ್ರ ಸಂಖ್ಯೆಯೂ ಒಂದು ಒಡಂಬಡಿಕೆಯ ಫಲವೇ. ಆರಂಭದಲ್ಲಿ ಧ್ವನಿಯ ಅಂಕಿಗಳನ್ನು ಟೆಲಿವಿಷನ್ ಚಿತ್ರದ ಟೇಪುಗಳ ಮೇಲೆ ಬರೆದಿಡುತ್ತಿದ್ದರು. ಜಪಾನು, ಅಮೆರಿಕಗಳ ಪದ್ಧತಿಯಲ್ಲಿ 3×245×60 ಎಂದು ಗುಣಿಸಿದರೂ, ಯೂರೋಪಿನ ಪದ್ಧತಿಯಲ್ಲಿ 3×294×50 ಎಂದು ಗುಣಿಸಿದರೂ ಬರುವುದು ಅದೇ 44,100. 1982ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಮೊದಲ ಸಿ.ಡಿ. ಯಂತ್ರವೂ ಈ ಲೆಕ್ಕದಲ್ಲೇ ಹಾಡಿತು. ಹೀಗೆ ಕಾಗದದ ಮೇಲೆ ಎಲ್ಲರೂ ಒಪ್ಪಿದರು. ಒಪ್ಪದೆ ಉಳಿದವು ಹರಳುಗಳು.

ನಗರದ ಗೃಹಸ್ಥರೊಬ್ಬರು ನಿವೃತ್ತಿಯ ನಂತರ ತಮ್ಮ ಸಿ.ಡಿ. ಯಂತ್ರದಿಂದ ಅಂಕಿಗಳನ್ನು, ಕಂಪ್ಯೂಟರಿಗೆ ಜೋಡಿಸುವ ಧ್ವನಿಪೆಟ್ಟಿಗೆಯೊಂದಕ್ಕೆ ಹಾಯಿಸಿ ಕೇಳತೊಡಗಿದರು. ಹಾಡು ಸೊಗಸಾಗಿತ್ತು, ಆದರೆ ಆಗಾಗ ನಡುವೆ ‘ಟಕ್’ ಎಂಬ ಸದ್ದು. ತಂತಿಯನ್ನು ಬದಲಾಯಿಸಿದರು, ಸದ್ದು ನಿಲ್ಲಲಿಲ್ಲ. ಇನ್ನೂ ಬೆಲೆಬಾಳುವ ತಂತಿಗಾಗಿ, ಮನೆಗೆ ಸುಣ್ಣಬಣ್ಣ ಮಾಡಿಸಲೆಂದು ಎತ್ತಿಟ್ಟಿದ್ದ ಹಣದ ಮೇಲೆ ಅವರ ಕಣ್ಣು ಬಿತ್ತು. ಎಳವೆಯಲ್ಲಿ ವೀಣೆ ಕಲಿತಿದ್ದ ಅವರ ಮಡದಿ ಆಗ ಕೇಳಿದರು: “ಅಲ್ಲಾಂದ್ರೆ, ಅದರಲ್ಲೂ ಒಂದು ಗಡಿಯಾರ, ಇದರಲ್ಲೂ ಒಂದು ಗಡಿಯಾರ ಅಂತೀರಿ. ಹಾಗಾದರೆ ತಾಳ ಹಾಕೋರು ಯಾರು?”

ಪ್ರಶ್ನೆ ಗುರಿ ಮುಟ್ಟಿತು. ಎರಡು ಹರಳುಗಳ ನಡುವೆ ಹತ್ತು ಲಕ್ಷಕ್ಕೆ ಐವತ್ತರಷ್ಟೇ ವ್ಯತ್ಯಾಸವಿದ್ದರೂ ಒಂದು ಗಂಟೆಯಲ್ಲಿ 7,900ಕ್ಕೂ ಹೆಚ್ಚು ಅಂಕಿಗಳು ಮಿಗುತ್ತವೆ, ಇಲ್ಲವೇ ಸಾಲದೆ ಹೋಗುತ್ತವೆ. ತಂತಿ ಒಂದಂಕಿಯನ್ನೂ ಕೆಡಿಸದೆ ತಂದಿತ್ತು. ತೆಗೆದುಕೊಳ್ಳುವವನ ಲೆಕ್ಕ ಬೇರೆಯಾಗಿತ್ತು. ಮಿಕ್ಕದ್ದನ್ನು ಚೆಲ್ಲಿದಾಗ, ಸಾಲದ್ದನ್ನು ಹೇಗೋ ತುಂಬಿದಾಗ ಆ ‘ಟಕ್’. ಪೆಟ್ಟಿಗೆಯ ಗಡಿಯಾರವನ್ನು ‘ಒಳಗಿನದು’ ಎಂಬುದರಿಂದ ‘ಹೊರಗಿನದು’ ಎಂಬುದಕ್ಕೆ ತಿರುಗಿಸಿದೊಡನೆ ಸದ್ದು ನಿಂತಿತು. ಒಂದು ಕಾಸೂ ಖರ್ಚಾಗಲಿಲ್ಲ.

ಇದು ಸಾಧ್ಯವಾದದ್ದು ಸೋನಿ, ಫಿಲಿಪ್ಸ್ ಸಂಸ್ಥೆಗಳ ಹೆಸರು ಹೊತ್ತ ‘ಎಸ್ ಪಿಡಿಫ್’ ಎಂಬ ಕ್ರಮದಿಂದ. ಆ ತಂತಿಯಲ್ಲಿ ಅಂಕಿಗಳೊಡನೆ ತಾಳವೂ ಬೆರೆತು ಬರುತ್ತದೆ. ಕಳುಹಿಸುವವನು ತಾಳ ಹಾಕುತ್ತಾನೆ, ಪಡೆಯುವವನು ಅದನ್ನು ಹಿಂಬಾಲಿಸುತ್ತಾನೆ. ಹಿಂಬಾಲಿಸುವ ಕೈ ಅಷ್ಟಿಷ್ಟು ನಡುಗುವುದುಂಟು. ಆ ನಡುಕವೇ ‘ಜಿಟರ್’. ಇಂದಿನ ಒಳ್ಳೆಯ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಕಿವಿಗೆ ನಿಲುಕದಷ್ಟು ಸಣ್ಣದು.

ಕಂಪ್ಯೂಟರಿನಿಂದಲೇ ಹಾಡು ಬರುವಾಗ ಇನ್ನೂ ಹಿತವಾದ ಏರ್ಪಾಡೊಂದಿದೆ. ಊಟದ ಪಂಕ್ತಿಯಲ್ಲಿ ಜಾಣನಾದವನು ಎಲೆ ನೋಡಿ ಬಡಿಸುತ್ತಾನೆ; ಉಣ್ಣುವ ವೇಗ ಉಣ್ಣುವವರದು. ‘ಅಸಿಂಕ್ರೊನಸ್ ಯು.ಎಸ್.ಬಿ.’ ಎಂಬ ಪದ್ಧತಿಯೂ ಹಾಗೆಯೇ. ಅಂಕಿಯನ್ನು ನಾದವಾಗಿಸುವ ಯಂತ್ರ ತನ್ನ ಹರಳಿನ ಗತಿಯಲ್ಲೇ ನಡೆಯುತ್ತ, ಹೆಚ್ಚು ಬೇಕು, ಕಡಿಮೆ ಸಾಕು ಎಂದು ಕಂಪ್ಯೂಟರಿಗೆ ತಿಳಿಸುತ್ತಿರುತ್ತದೆ. ನಾದ ಹುಟ್ಟುವ ಕಡೆಯೇ ತಾಳವೂ ಇರುವುದರಿಂದ, ಯಾರನ್ನೂ ಹಿಂಬಾಲಿಸುವ ಶ್ರಮ ಅದಕ್ಕಿಲ್ಲ.

ಗಡಿಯಾರವನ್ನೇ ಬೇರೊಂದು ಪೆಟ್ಟಿಗೆಯಾಗಿ ಮಾರುವವರೂ ಇದ್ದಾರೆ. ಹತ್ತಾರು ಯಂತ್ರಗಳು ಒಟ್ಟಿಗೆ ನಡೆಯಬೇಕಾದ ಧ್ವನಿಮುದ್ರಣಾಲಯಕ್ಕೆ ಅದು ಬೇಕು, ನಿಜ. ನಾದವಾಗಿಸುವ ಯಂತ್ರ ಒಂದೇ ಇರುವ ಮನೆಗೆ ಅದರ ಅಗತ್ಯ ಬಲು ವಿರಳ. ಅಂಗಡಿಯವನು ಬೆಲೆ ಹೇಳುವ ಮೊದಲು ಮನೆಯವರು ಆ ವೀಣೆಯ ಗೃಹಿಣಿಯ ಪ್ರಶ್ನೆಯನ್ನು ಒಮ್ಮೆ ಕೇಳಿಕೊಂಡರೆ, ಹಾಡೂ ನೆಟ್ಟಗಿರುತ್ತದೆ, ಗೋಡೆಗೆ ಸುಣ್ಣವೂ ಕಾಣುತ್ತದೆ.