ಕಾಗೆ ಎಂಜಲು

2021ರ ಜನವರಿ 1, ಶುಕ್ರವಾರ. ಸಿರಸಿ ಸೀಮೆಯ ಒಂದು ಹೈಸ್ಕೂಲು. ಮಂಜು ಇನ್ನೂ ಅಡಿಕೆ ತೋಟ ಬಿಟ್ಟು ಮೇಲೆದ್ದಿಲ್ಲ. ಹತ್ತನೇ ಕ್ಲಾಸಿನ ಕೊನೇ ಬೆಂಚಿನಲ್ಲಿ ನೀವು ಕೂತಿದ್ದೀರಿ. ಸುತ್ತೆಲ್ಲ ಸ್ಯಾನಿಟೈಜರ್ ವಾಸನೆ.

ಬಾಗಿಲಲ್ಲಿ ಮೇಷ್ಟ್ರು ಜ್ವರ ನೋಡುವ ಗನ್ನು ಹಿಡಿದು ನಿಂತಿದ್ದಾರೆ. ಮಕ್ಕಳು ಒಬ್ಬೊಬ್ಬರಾಗಿ ಹಣೆ ಒಡ್ಡಿ, ಮನೆಯವರು ಸಹಿ ಹಾಕಿದ ಒಪ್ಪಿಗೆ ಪತ್ರ ಕೊಟ್ಟು ಒಳಗೆ ಬರುತ್ತಾರೆ. ಒಂಬತ್ತನೇ ಕ್ಲಾಸಿನ ವಾರ್ಷಿಕ ಪರೀಕ್ಷೆ ಬರೆಯದೆಯೇ ಪಾಸಾದವರು ಇವರು. ಬೆಂಚಿಗೊಬ್ಬರು. ಬಿಸಿಯೂಟದ ಕೋಣೆಗೆ ಬೀಗ.

ಹಾಜರಿ ಶುರುವಾಯಿತು. ‘ಎಸ್ ಸರ್’ ಎಂದ ಒಬ್ಬ ಹುಡುಗನ ಕಡೆ ಇಡೀ ಕ್ಲಾಸು ತಿರುಗುತ್ತದೆ. ಆ ದನಿ ಅವನದಲ್ಲ, ಅವನ ಅಪ್ಪನದು! ಕೊರೊನಾಕ್ಕೆ ಶಾಲೆ ಮುಚ್ಚಿದ್ದ ಒಂಬತ್ತು ತಿಂಗಳಲ್ಲಿ ಗಂಟಲು ಒಡೆದಿದೆ. ಆನ್‌ಲೈನ್ ಕ್ಲಾಸಿನಲ್ಲಿ ಮೈಕು ಮ್ಯೂಟ್ ಆಗಿದ್ದರಿಂದ ಯಾರ ಕಿವಿಗೂ ಬಿದ್ದಿಲ್ಲ. ಬೇರೆ ವರ್ಷವಾಗಿದ್ದರೆ ಅದು ಗೆಳೆಯರ ನಡುವೆಯೇ ಒಂದು ದಿನ ಕೀರಲಾಗಿ, ಇನ್ನೊಂದು ದಿನ ಗೊಗ್ಗರಾಗಿ, ಅವರ ಗೇಲಿ ತಿಂದು ತಿಂದು ಎಲ್ಲರಿಗೂ ರೂಢಿಯಾಗಿಬಿಡುತ್ತಿತ್ತು. ಹುಡುಗ ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಳ್ಳುತ್ತಾನೆ. ಪಕ್ಕದ ಬೆಂಚಿನವನ ಉಗುರ ಸಂದಿಯೆಲ್ಲ ಅಡಿಕೆ ಸುಲಿದು ಕಪ್ಪು. ಕೂಲಿಯ ಲೆಕ್ಕ ಅವನಿಗೆ ಬಾಯಲ್ಲೇ ಬರುತ್ತದೆ. ಬೋರ್ಡಿನ ಮೇಲೆ ಸಮೀಕರಣ ಬಂದ ಕೂಡಲೇ ಕಣ್ಣು ಬಾಗಿಲ ಕಡೆ ಹೋಗುತ್ತದೆ. ಇದು ಹೊರಗೆ ಕಾಣುವ ಬದಲಾವಣೆ; ಒಳಗಿನದೂ ಇದ್ದೀತು.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2018ರಲ್ಲಿ 9ರಿಂದ 17 ವಯಸ್ಸಿನ 160 ಮಕ್ಕಳ ಮಿದುಳಿನ ಎಂಆರ್‌ಐ ತೆಗೆದಿಟ್ಟಿದ್ದಾರೆ. ಲಾಕ್‌ಡೌನ್ ಕಳೆದ ಮೇಲೆ ಮತ್ತೆ ತೆಗೆದು, 2024ರಲ್ಲಿ ಲೆಕ್ಕ ಕೊಡಲಿದ್ದಾರೆ. ಹರೆಯದಲ್ಲಿ ಸಹಜವಾಗಿಯೇ ತೆಳುವಾಗುತ್ತ ಹೋಗುವ ಮಿದುಳಿನ ಹೊರಪದರ ಹುಡುಗರಲ್ಲಿ ಸರಾಸರಿ 1.4 ವರ್ಷ ಮುಂದಕ್ಕೆ ಓಡಿದ ಹಾಗಿತ್ತು; ಹುಡುಗಿಯರಲ್ಲಿ 4.2 ವರ್ಷ. ಹುಡುಗಿಯರಿಗೆ ಗೆಳತಿಯರ ಜೊತೆಗಿನ ಮಾತೇ ಆಸರೆ, ಅದು ತಪ್ಪಿದ್ದರಿಂದ ಹೀಗಾಗಿರಬಹುದು ಎಂಬುದು ಅವರ ಊಹೆ. ಅಮೆರಿಕದ ಅಂಕಿಯನ್ನು ತಂದು ಈ ಮಕ್ಕಳಿಗೆ ಅಂಟಿಸುವುದು ನ್ಯಾಯವಲ್ಲ. ಊಹೆಯನ್ನು ಮಾತ್ರ ತಳ್ಳಿಹಾಕಲಾಗುವುದಿಲ್ಲ, ಜಗಲಿಯಲ್ಲಿ ನಿಂತ ಆ ಇಬ್ಬರು ಹುಡುಗಿಯರನ್ನು ನೋಡಿದರೆ.

ಹೋದ ವರ್ಷ ಹೆಗಲಿಗೆ ಕೈ ಹಾಕಿಕೊಂಡೇ ಓಡಾಡುತ್ತಿದ್ದವರು. ಈಗ ನಡುವೆ ಮೂರು ಅಡಿ.

‘ಮತ್ತೆ?’

‘ಎಂತ ಇಲ್ಲ. ನಿಂದು?’

‘ಎಂತ ಇಲ್ಲ.’

ವಾಟ್ಸಾಪಿನಲ್ಲಾದರೆ ಇಲ್ಲಿಗೊಂದು ನಗುವ ಮುಖ ಒತ್ತಿ ಜಾರಿಕೊಳ್ಳಬಹುದಿತ್ತು. ಇಲ್ಲಿ ಜಾರಲು ಜಾಗವಿಲ್ಲ. ಒಬ್ಬಳು ಕಂಬದ ಸುಣ್ಣ ಕೆರೆಯುತ್ತಾಳೆ. ನೆಟ್‌ವರ್ಕಿಗೆಂದು ದಿನಾ ಗುಡ್ಡ ಹತ್ತಿದ್ದು, ಮಳೆಯಲ್ಲಿ ಕೊಡೆ ಹಿಡಿದು ನಿಂತದ್ದು, ಸಂಬಂಧಿಕರೊಬ್ಬರು ತೀರಿಕೊಂಡಿದ್ದು: ಹೇಳುವುದು ಬೇಕಾದಷ್ಟಿದೆ, ಎಲ್ಲಿಂದ ಶುರು ಮಾಡುವುದು?

ಇನ್ನೊಬ್ಬಳು ಚೀಲದಿಂದ ಒಂದು ಬೆಟ್ಟದ ನೆಲ್ಲಿಕಾಯಿ ತೆಗೆಯುತ್ತಾಳೆ. ಒಂದೇ ಒಂದು. ಮೇಷ್ಟ್ರ ಕೋಣೆಯ ಕಡೆ ಕಣ್ಣು ಹಾಯಿಸಿ, ಮಾಸ್ಕು ಗದ್ದಕ್ಕಿಳಿಸಿ, ಕಾಯನ್ನು ವೇಲಿನ ತುದಿಯಲ್ಲಿ ಸುತ್ತಿ, ಬಟ್ಟೆ ಸಮೇತ ಕಟಕ್ಕನೆ ಕಚ್ಚುತ್ತಾಳೆ. ಎರಡನೇ ಕ್ಲಾಸಿನ ಮಕ್ಕಳ ಹಾಗೆ, ಕಾಗೆ ಎಂಜಲು.

‘ತಿನ್ನೇ ಮಾರಾಯ್ತಿ, ಎಂತ ಆಗೂದಿಲ್ಲ.’

ಹೋಳು ಅಂಗೈಯಲ್ಲಿದೆ. ಗೆಳತಿ ಒಂದು ಹೆಜ್ಜೆ ಮುಂದೆ ಬರುತ್ತಾಳೆ.