ಗೋಡೆಯ ಮೇಲಿನ ಇಳಕಲ್ ಸೀರೆ

ಸೀರೆ ಕೊಳ್ಳಲು ಹೋದ ನಮ್ಮ ಅವ್ವಂದಿರು ಅಂಗಡಿಯ ದೀಪವನ್ನು ಎಂದೂ ನಂಬಿದವರಲ್ಲ. ಮಡಿಕೆ ಬಿಚ್ಚಿಸಿ, ಸೆರಗನ್ನು ಬಾಗಿಲಿಗೆ ತಂದು, ಬಿಸಿಲಿಗೆ ಹಿಡಿದು ನೋಡಿದ ಮೇಲೇ ದರದ ಮಾತು. ಈಗ ಸೀರೆಯ ಚಿತ್ರವೇ ನಮ್ಮ ಬಳಿಗೆ ಬರುತ್ತದೆ. ಮನೆಯಲ್ಲಿದ್ದರೆ ಮೊಬೈಲಿನಲ್ಲಿ, ಸಂಘದ ಸಭೆಯಲ್ಲಾದರೆ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ. ಗೋಡೆಯ ಮೇಲೆ ಕಂಡದ್ದೇ ಸೀರೆಯ ಬಣ್ಣವೆಂದು ನಂಬಬಹುದೇ, ಹೇಳಿ?

ಹುನಗುಂದದಲ್ಲಿ ನಮ್ಮ ಮಹಿಳಾ ಸಂಘದವರಿಗೆಲ್ಲ ಇಳಕಲ್ ಸೀರೆ ತರಿಸುವ ಮಾತಾಗಿತ್ತು. ನೇಕಾರರ ಮನೆಯ ಹೆಣ್ಣುಮಗಳೊಬ್ಬರು ಬಂದಿದ್ದರು. ಕೈಯಲ್ಲಿ ದಾಳಿಂಬೆ ಕೆಂಪಿನ ಸೀರೆ ಒಂದೇ. ಉಳಿದವುಗಳೊಡನೆ ಅದರದೂ ಚಿತ್ರವಿತ್ತು. ಗೋಡೆಯ ಮೇಲೆ ಆ ಕೆಂಪು ಹಳೇ ಇಟ್ಟಂಗಿಯ ಹಾಗೆ ಮೂಡಿತು. "ಬಣ್ಣ ಮಾಸಿದಂಗ ಕಾಣತೈತಲ್ರೀ, ಒಂದಿಷ್ಟು ದರಾ ಇಳಸ್ರಿ" ಎಂದರು ಒಬ್ಬರು. "ಸೀರಿ ಹಂಗಿಲ್ರೀ ಅಕ್ಕಾರ, ಇಲ್ಲಿ ನೋಡ್ರಿ" ಎಂದು ಆಕೆ ತೊಡೆಯ ಮೇಲಿನ ಸೀರೆ ತೋರಿಸಿದರೂ ಎಲ್ಲರ ಕಣ್ಣು ಗೋಡೆಯ ಮೇಲೇ! ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಿ ನೇಯ್ದ ಸೀರೆ ಅದು. ಯಂತ್ರದ ತಪ್ಪಿಗೆ ನೇಕಾರರ ಹೊಟ್ಟೆಗೆ ಪೆಟ್ಟು ಬೀಳಬೇಕೆ?

ರಿಮೋಟ್ ತೆಗೆದುಕೊಂಡು ಕೂತೆ. ಕೆಲಸ ಕಾಲು ಗಂಟೆಯದು. ನಿಮಗೂ ಬೇಕಾದೀತು, ಕೇಳಿ.

ಮೊದಲು ಗೋಡೆ. ನಮ್ಮದು ತಿಳಿ ಹಸಿರು ಬಳಿದ ಗೋಡೆ. ಹಸಿರು ಗೋಡೆ ಕೆಂಪು ಬೆಳಕನ್ನು ಪೂರ್ತಿ ಹಿಂದಿರುಗಿಸದೆ ನುಂಗುತ್ತದೆ. ಬಿಳಿ ಧೋತರವನ್ನು ಸುಕ್ಕಿಲ್ಲದಂತೆ ಬಿಗಿದು ಕಟ್ಟಿದೆವು. ಅರ್ಧ ಕೆಲಸ ಅಲ್ಲಿಗೇ ಆಯಿತು.

ಎರಡನೆಯದು ಕತ್ತಲೆ. ಪ್ರೊಜೆಕ್ಟರ್ ಬೆಳಕನ್ನು ಎಸೆಯಬಲ್ಲದು, ಕಪ್ಪನ್ನು ಎಸೆಯಲಾರದು. ಕಿಟಕಿ ತೆರೆದಿದ್ದರೆ ಕರಿಯ ಚಂದ್ರಕಾಳಿ ಸೀರೆಯೂ ಬೂದಿ ಬಣ್ಣವೇ. ಪರದೆ ಎಳೆಯಿರಿ, ಟ್ಯೂಬ್‌ಲೈಟ್ ಆರಿಸಿ. ದೀಪ ಕಾದು ಹದಕ್ಕೆ ಬರಲು 10 ನಿಮಿಷ ಬಿಡಿ.

ಮೂರನೆಯದು ಮೆನುವಿನಲ್ಲಿರುವ ಕಲರ್ ಮೋಡ್. ಬೆಳಕಿರುವ ಕೋಣೆಯಲ್ಲೂ ಕಾಣಲೆಂದು ಹಲವು ಯಂತ್ರಗಳನ್ನು 'ಡೈನಾಮಿಕ್' ಅಥವಾ 'ಬ್ರೈಟ್' ಎಂಬಲ್ಲಿ ಇಟ್ಟಿರುತ್ತಾರೆ. ಅದರಲ್ಲಿ ಹೊಳಪು ಹೆಚ್ಚು, ಹಸಿರಿನ ಛಾಯೆಯೂ ಹೆಚ್ಚು. ಇನ್ನು ಕೆಲವು ಯಂತ್ರಗಳ ಒಳಗೆ ಬಣ್ಣದ ಚಕ್ರವೊಂದು ತಿರುಗುತ್ತಿರುತ್ತದೆ. ಹೊಳಪಿಗಾಗಿ ಅದರಲ್ಲಿ ಬಣ್ಣವಿಲ್ಲದ ತುಂಡೊಂದನ್ನು ಸೇರಿಸಿರುತ್ತಾರೆ. ಅದರ ಲಾಭವೆಲ್ಲ ಬಿಳಿಗೆ. ಕೆಂಪು, ಹಳದಿ ಅದರ ಪಕ್ಕದಲ್ಲಿ ಮಂಕು. ಕೆಂಪು ಸೆರಗಿನ ಮೇಲೆ ಬಿಳಿಯ ಟೋಪ್ ತೆನಿ ಇರುವ ನಮ್ಮ ಸೀರೆಗೆ ಇದಕ್ಕಿಂತ ಅನ್ಯಾಯ ಉಂಟೇ! 'ಸಿನಿಮಾ' ಅಥವಾ 'ಎಸ್‌ಆರ್‌ಜಿಬಿ' ಎಂಬುದನ್ನು ಆರಿಸಿ. ಹೊಳಪು ತುಸು ಕುಗ್ಗುತ್ತದೆ, ಬಣ್ಣ ಹತ್ತಿರಕ್ಕೆ ಬರುತ್ತದೆ.

ನಾಲ್ಕನೆಯದು ಬಿಳಿಯ ಪರೀಕ್ಷೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತೇವಲ್ಲ, ಇಲ್ಲೂ ಅದೇ ಮಾತು. ಖಾಲಿ ಬಿಳಿ ಚಿತ್ರ ಹಾಕಿ ನೋಡಿ. ನೀಲಿಯಾಗಿಯೋ ಹಳದಿಯಾಗಿಯೋ ಕಂಡರೆ ಕಲರ್ ಟೆಂಪರೇಚರ್ ತಿದ್ದಿ. 6500 ಎಂಬ ಅಂಕಿ ಇದ್ದರೆ ಅದನ್ನೇ ಇಡಿ. ಅದು ಹಗಲಿನ ಬೆಳಕಿಗೆ ಹತ್ತಿರ. ಆಮೇಲೆ ಕಾಂಟ್ರಾಸ್ಟ್: ಟೋಪ್ ತೆನಿಯ ಬಿಳಿ ಎಳೆಗಳು ಒಂದಕ್ಕೊಂದು ಅಂಟಿದಂತಾದರೆ ಸ್ವಲ್ಪ ಇಳಿಸಿ. ಬಣ್ಣದ ಗಾಢತೆಯನ್ನು ಕಡೆಗೆ ಮುಟ್ಟಿ, ಅದೂ ಅಡುಗೆಗೆ ಉಪ್ಪು ಹಾಕಿದ ಹಾಗೆ, ಚಿಟಿಕೆಯಷ್ಟೇ. ಹೆಚ್ಚಾದರೆ ಗಿಳಿ ಹಸಿರು ಯಾವುದು, ನವಿಲು ಹಸಿರು ಯಾವುದು ತಿಳಿಯದು.

ಇಷ್ಟಾದ ಮೇಲೆ ಆಕೆಯ ಸೀರೆಯನ್ನು ಹೊರಗಿನ ಬೆಳಕಿನಲ್ಲಿ ಎಲ್ಲರಿಗೂ ತೋರಿಸಿ, ಒಳಗೆ ಬಂದು ಚಿತ್ರ ನೋಡಿದೆವು. ಸೀರೆಯ ಕೆಂಪಿಗೂ ಚಿತ್ರದ ಕೆಂಪಿಗೂ ಬಹಳ ಅಂತರ ಉಳಿದಿರಲಿಲ್ಲ. ದರ ಇಳಿಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಎಷ್ಟು ತಿದ್ದಿದರೂ ಬೆಳಕು ಬೆಳಕೇ, ನೂಲು ನೂಲೇ. ಆದ್ದರಿಂದ ಗೆಳತಿಯರೇ, ದೂರದಿಂದ ಸೀರೆ ತರಿಸುವಾಗ ಚಿತ್ರದ ಜೊತೆಗೆ ಅದೇ ಬಣ್ಣದ ಗೇಣುದ್ದ ನೂಲನ್ನೂ ಅಂಚೆಯಲ್ಲಿ ಕಳಿಸಲು ಕೇಳಿ. ನೇಕಾರರಿಗೆ ಅದು ಭಾರವಲ್ಲ. ನಿಮಗೆ ಮೋಸವಿಲ್ಲ, ಅವರ ಸೀರೆ ಮರಳಿ ಹೋಗುವ ಭಯವೂ ಇಲ್ಲ.